ಸಾಲ ತೀರಿಸದ ವೀರರು

ಪುಟ್ಟಿ, ಸಿನಿಮಾ ನೋಡಿ ಬಂದ ರಾತ್ರಿಯೇ ‘ಮೂಲದಲ್ಲಿ ಹೀಗಿಲ್ಲ’ ಅಂತ ತೀರ್ಪು ಕೊಡಬೇಡ. ಆ ಕೋಲು ಹಿಡಿದು ಹೊರಟರೆ ಮೊದಲ ಏಟು ಬೀಳುವುದು ನಮ್ಮ ಪಂಪನಿಗೆ. ಐವರ ಹೆಂಡತಿ ದ್ರೌಪದಿಯನ್ನು ಅವನು ಅರ್ಜುನನೊಬ್ಬನಿಗೇ ಕೊಟ್ಟ. ಯುದ್ಧ ಮುಗಿದ ಮೇಲೆ ಪಟ್ಟವನ್ನು ಧರ್ಮರಾಯನಿಗೆ ಕಟ್ಟಲಿಲ್ಲ, ಅರ್ಜುನನಿಗೂ ಸುಭದ್ರೆಗೂ ಕಟ್ಟಿದ. ತನ್ನನ್ನು ಸಾಕಿದ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ ಹೇಳುತ್ತಿದ್ದ ಕಥೆ ಅದು. ಅಂಥ ನಾಯಕನ ಹೆಂಡತಿಗೆ ಇನ್ನೂ ನಾಲ್ವರು ಗಂಡಂದಿರು ಇರುವಂತಿರಲಿಲ್ಲ. ಹತ್ತನೆಯ ಶತಮಾನದಲ್ಲಿ ನಡೆದುಹೋದ ಕೆಲಸ ಇದು. ಇವತ್ತು ಯಾರಾದರೂ ನಿರ್ದೇಶಕ ಇಷ್ಟು ಮಾಡಿದರೆ ಟ್ರೇಲರ್ ಬಿಟ್ಟ ದಿನವೇ ಕೋರ್ಟು ಹತ್ತಬೇಕಾದೀತು.

ಬದಲಾವಣೆ ಪುಕ್ಕಟೆ ಬರುವುದಿಲ್ಲ ಅನ್ನುವುದಕ್ಕೂ ಪಂಪನೇ ಸಾಕ್ಷಿ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದರೆ ಧರ್ಮರಾಯ ಅವಳನ್ನು ಪಣಕ್ಕಿಟ್ಟದ್ದು ಯಾವ ಹಕ್ಕಿನಿಂದ? ವಿದ್ವಾಂಸರು ಈ ಪ್ರಶ್ನೆ ಹಿಡಿದು ಬಹಳ ಕಾಲದಿಂದ ಜಗ್ಗಾಡುತ್ತಿದ್ದಾರೆ. ಆದರೆ ಅದೇ ಪಂಪ, ಅರ್ಜುನನನ್ನು ಹೊಗಳಲು ಕೂತವನು, ಕರ್ಣನ ಪಾಲಿನ ಗೌರವದಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ. ಭಾರತವನ್ನು ನೆನೆಯುವಾಗ ಕರ್ಣನನ್ನು ನೆನೆಯಿರಿ ಎಂದು ಹೇಳಿಯೇ ಹೋದ. ನಾನು ನಿನಗೆ ಹೇಳಬೇಕೆಂದಿರುವುದೂ ಇದರ ಸುತ್ತಲೇ ಇದೆ.

ಗ್ರೀಕರಲ್ಲೂ ಕಲ್ಲಿನಲ್ಲಿ ಕೆತ್ತಿಟ್ಟ ಒಂದು ಮೂಲ ಅಂತ ಇಲ್ಲ. ಎಲೆಕ್ಟ್ರಾ ತಮ್ಮನ ಜೊತೆ ಸೇರಿ ತಾಯಿಯ ಮೇಲೆ ಸೇಡು ತೀರಿಸಿಕೊಂಡ ಕಥೆಯನ್ನು ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡೀಸ್ ಮೂವರೂ ನಾಟಕ ಮಾಡಿದರು. ಮೂರೂ ಉಳಿದಿವೆ, ಮೂರರಲ್ಲಿ ಮೂರು ಬೇರೆ ಹುಡುಗಿಯರು ಸಿಗುತ್ತಾರೆ. ಯೂರಿಪಿಡೀಸ್ ಇನ್ನೊಂದು ನಾಟಕದಲ್ಲಿ ಹೆಲೆನ್ ಟ್ರಾಯ್ ನಗರಕ್ಕೆ ಹೋಗೇ ಇರಲಿಲ್ಲ ಅಂದುಬಿಟ್ಟ. ಅವಳು ಈಜಿಪ್ಟಿನಲ್ಲಿ ಕೂತಿದ್ದಳಂತೆ, ಟ್ರಾಯ್‌ನಲ್ಲಿ ಇದ್ದದ್ದು ದೇವತೆಗಳು ಮಾಡಿದ ಅವಳ ನೆರಳಂತೆ. ಹತ್ತು ವರ್ಷದ ಯುದ್ಧ ಒಂದು ನೆರಳಿಗಾಗಿ! ಆಥೆನ್ಸಿನ ಪ್ರೇಕ್ಷಕರು ಅದನ್ನು ಕೂತು ನೋಡಿದರು.

ಹಾಗಾದರೆ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕಥೆಯಲ್ಲಿ ಯಾರು ಯಾರಿಗೆ ಬಾಕಿ, ಆ ಬಾಕಿಯನ್ನು ಚಿತ್ರ ವಸೂಲು ಮಾಡಿತೋ, ಮನ್ನಾ ಮಾಡಿತೋ? ಪುರಾಣ ನಡೆಯುವುದು ಬಾಕಿಯ ಮೇಲೆ. ಅಂಬೆಗೆ ಭೀಷ್ಮ ಬಾಕಿ. ಅವಳು ಶಿಖಂಡಿಯಾಗಿ ಬಂದಳು. ಶಿಖಂಡಿಯ ಬೆನ್ನ ಹಿಂದೆ ನಿಂತು ಬಾಣ ಬಿಟ್ಟ ಅರ್ಜುನನ ಲೆಕ್ಕದಲ್ಲಿ ಹೊಸ ಬಾಕಿ ಶುರುವಾಯಿತು. ಗ್ರೀಕರ ಒಂದು ಮನೆತನ ನೋಡು. ಟಾಂಟಲಸ್ ತನ್ನ ಮಗನನ್ನೇ ಕೊಂದು ದೇವತೆಗಳಿಗೆ ಬಡಿಸಿದ. ಅವನ ಮೊಮ್ಮಗ ಏಟ್ರಿಯಸ್ ತಮ್ಮನಿಗೆ ತಮ್ಮನ ಮಕ್ಕಳನ್ನೇ ಬಡಿಸಿದ. ಏಟ್ರಿಯಸ್‌ನ ಮಗ ಅಗಮೆಮ್ನಾನ್ ಮಗಳನ್ನು ಬಲಿ ಕೊಟ್ಟ, ಹೆಂಡತಿ ಅವನನ್ನು ಕೊಂದಳು, ಮಗ ಆ ತಾಯಿಯನ್ನು ಕೊಂದ. ತಲೆಮಾರಿನಿಂದ ತಲೆಮಾರಿಗೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ.

ಈಗ ನೀನು ಮೆಚ್ಚಿಕೊಂಡಿರುವ ‘ಟ್ರಾಯ್’ಗೆ ಬಾ. 2004ರಲ್ಲಿ ವೋಲ್ಫ್‌ಗ್ಯಾಂಗ್ ಪೀಟರ್ಸನ್ ಮಾಡಿದ ಚಿತ್ರ. ಹತ್ತು ವರ್ಷದ ಯುದ್ಧ ಅದರಲ್ಲಿ ಕೆಲವೇ ವಾರಕ್ಕೆ ಇಳಿದಿದೆ. ಇರಲಿ, ಸಿನಿಮಾಕ್ಕೆ ಆ ಸ್ವಾತಂತ್ರ್ಯ ಇದೆ. ಯುದ್ಧದ ದಿಕ್ಕು ತಿರುಗಿಸುತ್ತಿದ್ದ ದೇವತೆಗಳನ್ನು ಕಥೆಯಿಂದ ಹೊರಗಿಟ್ಟರು, ಅದಕ್ಕೂ ನನ್ನ ತಕರಾರಿಲ್ಲ. ತಕರಾರಿರುವುದು ಲೆಕ್ಕದಲ್ಲಿ. ಹೆಲೆನ್‌ಳ ಗಂಡ ಮೆನೆಲಾಸ್‌ನನ್ನು ಹೆಕ್ಟರ್ ಕೈಯಲ್ಲಿ ಸಾಯಿಸಿದರು. ಹೋಮರ್‌ನಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋಗಿ, ವರ್ಷಗಟ್ಟಲೆ ಅವಳೊಂದಿಗೆ ಊಟಕ್ಕೆ ಕೂರುತ್ತಾನೆ. ಆ ಊಟದ ಮನೆಯ ಮೌನ ಯಾವ ಕತ್ತಿ ಏಟಿಗಿಂತ ಕಡಿಮೆ, ಹೇಳು? ಅಗಮೆಮ್ನಾನ್‌ನನ್ನು ಸೆರೆಯಾಳು ಬ್ರೈಸಿಸ್ ಚಾಕುವಿನಿಂದ ಇರಿಯುತ್ತಾಳೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುವ ದೃಶ್ಯ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಹತ್ತು ವರ್ಷದಿಂದ ಕಾಯುತ್ತಿದ್ದ ಹೆಂಡತಿಗೆ ಸಲ್ಲಬೇಕಾದದ್ದನ್ನು ದಾರಿಯಲ್ಲೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟರು. ಬಲಿಯಾದ ಮಗಳ ಹೆಸರನ್ನೂ ಎತ್ತಲಿಲ್ಲ. ಎಲ್ಲಕ್ಕಿಂತ ಹೆಚ್ಚಿನದು, ಯಾವನ ಚಪಲದಿಂದ ಊರು ಸುಟ್ಟಿತೋ ಆ ಪ್ಯಾರಿಸ್ ಜೀವಸಹಿತ ಪಾರಾಗಿ ಹೋಗುತ್ತಾನೆ! ಹಳೆಯ ಕಥೆಯಲ್ಲಿ ಅವನು ಬಾಣ ತಗುಲಿ ಸಾಯುತ್ತಾನೆ, ಅವನೇ ಬಿಟ್ಟುಹೋದ ಮೊದಲ ಹೆಂಡತಿ ಮದ್ದು ಕೊಡಲು ಒಪ್ಪದೆ.

ಅದೇ ಚಿತ್ರದಲ್ಲಿ ಒಂದು ದೃಶ್ಯಕ್ಕೆ ಮಾತ್ರ ನಾನು ಕೈ ಮುಗಿಯುತ್ತೇನೆ. ಮುದುಕ ದೊರೆ ಪ್ರಿಯಾಮ್, ಪೀಟರ್ ಓಟೂಲ್ ಮಾಡಿದ ಪಾತ್ರ, ರಾತ್ರಿ ಶತ್ರು ಅಕಿಲೀಸ್‌ನ ಡೇರೆಗೆ ಬಂದು ಮಗ ಹೆಕ್ಟರ್‌ನನ್ನು ಕೊಂದ ಕೈಗೇ ಮುತ್ತಿಟ್ಟು ಹೆಣ ಬೇಡುತ್ತಾನೆ. ಅಲ್ಲಿ ಹೋಮರ್‌ನ ಲೆಕ್ಕಕ್ಕೆ ಕೈ ಹಾಕಿಲ್ಲ. ಇದನ್ನು ನೋಡುವಾಗ ನನಗೆ ನೆನಪಾಗುವುದು ಇಂದ್ರಜಿತುವಿನ ಹೆಂಡತಿ ಸುಲೋಚನೆ. ಗಂಡನ ತಲೆಯನ್ನು ಕೇಳಲು ಅವಳು ರಾಮನ ಪಾಳೆಯಕ್ಕೆ ನಡೆದುಹೋಗುತ್ತಾಳೆ. ವಾಲ್ಮೀಕಿ ರಾಮಾಯಣದಲ್ಲಿ ಅವಳಿಲ್ಲ, ಆಮೇಲಿನ ಜನ ಹುಟ್ಟಿಸಿಕೊಂಡ ಹೆಣ್ಣು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂದಾಗ ಅದರ ಹೆಸರು ‘ಸತಿ ಸುಲೋಚನಾ’. ನಮ್ಮ ಸಿನಿಮಾ ಮಾತಾಡಲು ಕಲಿತದ್ದೇ ಸೋತವರ ಮನೆಯಲ್ಲಿ ಕೂತು. ಇದನ್ನು ಯಾರೂ ಯಾಕೆ ಹೇಳಿಕೊಂಡು ಮೆರೆಯುವುದಿಲ್ಲವೋ.

ಡಿಸ್ನಿಯವರ ‘ಹರ್ಕ್ಯುಲಿಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀನು ಚಿಕ್ಕವಳಿದ್ದಾಗ ಅದನ್ನು ನೋಡಿ ಕುಣಿದಿದ್ದೀಯ. 1997ರ ಚಿತ್ರ. ಅದರಲ್ಲಿ ಹೀರಾ ಪ್ರೀತಿಯ ತಾಯಿ, ಮೆಗಾರಾ ನಾಯಕಿ, ಕೊನೆಗೆ ನಾಯಕನೂ ಅವಳೂ ಸುಖವಾಗಿದ್ದರು. ಗ್ರೀಕರಲ್ಲಿ ಹೀರಾ ಅವನಿಗೆ ಮಲತಾಯಿ, ಜನ್ಮವೈರಿ. ಅವಳು ಹುಚ್ಚು ಹಿಡಿಸಿದಾಗ ಅವನು ಮೆಗಾರಾಳಿಗೆ ಹುಟ್ಟಿದ ತನ್ನ ಮಕ್ಕಳನ್ನೇ ಕೊಲ್ಲುತ್ತಾನೆ. ಮಕ್ಕಳ ಸಿನಿಮಾದಲ್ಲಿ ಅದನ್ನು ತೋರಿಸಲಾಗದು, ಸರಿ. ಆದರೆ ಕೊಲ್ಲದ ಮೇಲೆ ಅವನು ವೀರಾಧಿವೀರನಾಗಿ ತಿರುಗಿದ್ದು ಏತಕ್ಕೆ? ಅನೇಕರು ಹೇಳುವ ಕಥೆಯಲ್ಲಿ ಅವನ ಹನ್ನೆರಡು ಸಾಹಸಗಳು ಆ ಪಾಪದ ಪ್ರಾಯಶ್ಚಿತ್ತ. 1963ರ ‘ಜೇಸನ್ ಅಂಡ್ ದಿ ಆರ್ಗೋನಾಟ್ಸ್’ ಇನ್ನೂ ಜಾಣತನ ತೋರಿಸಿತು. ಹ್ಯಾರಿಹೌಸನ್ ಎಂಬ ಮಾಂತ್ರಿಕ ಅಸ್ಥಿಪಂಜರಗಳನ್ನು ಎಬ್ಬಿಸಿ ಕತ್ತಿ ಹಿಡಿಸಿ ಕುಣಿಸಿದ ಚಿತ್ರ, ಇವತ್ತಿಗೂ ನೋಡಬೇಕು. ಬಂಗಾರದ ತೊಗಲು ಕೈಗೆ ಸಿಕ್ಕಿ ಜೇಸನ್ ಮೆಡಿಯಾಳನ್ನು ತಬ್ಬಿಕೊಂಡಲ್ಲಿಗೆ ಕಥೆ ಮುಗಿಸಿದರು. ಬಿಲ್ಲು ಬರುವ ಮೊದಲೇ ಹೋಟೆಲಿನಿಂದ ಎದ್ದುಬಂದ ಹಾಗೆ. ಬಿಲ್ಲು ನೋಡಬೇಕೆಂದರೆ ಪಸೊಲಿನಿ 1969ರಲ್ಲಿ ಮಾಡಿದ ‘ಮೆಡಿಯಾ’ ನೋಡು. ಗಾಯಕಿ ಮರಿಯಾ ಕಲ್ಲಾಸ್ ಅದರಲ್ಲಿ ಹಾಡದೆ ಅಭಿನಯಿಸಿದ್ದಾಳೆ.

ಇನ್ನು ನನಗೆ ಬಹಳ ಇಷ್ಟವಾದ ವರ್ಷಕ್ಕೆ ಬರುತ್ತೇನೆ, 1977. ಆ ವರ್ಷ ಗ್ರೀಸ್‌ನಲ್ಲಿ ಮೈಕೆಲ್ ಕಾಕೊಯಾನಿಸ್ ‘ಇಫಿಜೀನಿಯಾ’ ಮಾಡಿದ. ಅದೇ ವರ್ಷ ನಮ್ಮಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ಬಂತು. ಅಲ್ಲಿ ಅಪ್ಪ ಮಗಳನ್ನು ಕೊಲ್ಲುತ್ತಾನೆ, ಇಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ. ಇವರಿಗೆ ಅವರ ಸುದ್ದಿ ಗೊತ್ತಿರಲು ಸಾಧ್ಯವೇ ಇಲ್ಲ.

ಅರ್ಜುನ, ಬಭ್ರುವಾಹನ ಎರಡೂ ಪಾತ್ರ ರಾಜಕುಮಾರ್ ಅವರದ್ದೇ. ಜನ ಅದನ್ನು ಡಬಲ್ ಆಕ್ಟಿಂಗಿನ ಖುಷಿಗೆ ನೋಡಿದರು, ನಾನೂ ಹಾಗೇ ನೋಡಿದ್ದು. ಈಗ ಅನ್ನಿಸುತ್ತದೆ, ಅಪ್ಪನನ್ನು ಕೊಲ್ಲಲು ಬಂದವನಿಗೆ ಅಪ್ಪನದೇ ಮುಖ ಇರುವುದಕ್ಕಿಂತ ಒಳ್ಳೆಯ ಯೋಚನೆ ಇನ್ನೇನಿದೆ? ವ್ಯಾಸರಲ್ಲಿ ಅರ್ಜುನ, ವಿನಯದಿಂದ ಬಂದ ಮಗನನ್ನು ಹೀಯಾಳಿಸುತ್ತಾನೆ, ಮಲತಾಯಿ ಉಲೂಪಿ ಹುರಿದುಂಬಿಸಿ ಯುದ್ಧಕ್ಕೆ ನಿಲ್ಲಿಸುತ್ತಾಳೆ. ಭೀಷ್ಮನನ್ನು ಅಧರ್ಮದಿಂದ ಬೀಳಿಸಿದ್ದಕ್ಕೆ ವಸುಗಳು ಕೊಟ್ಟ ಶಾಪ ಮಗನ ಕೈಯಿಂದಲೇ ಕಳೆಯಬೇಕಿತ್ತು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಜ್ವಾಲೆ ಎಂಬ ಹೆಂಗಸು ಹಗೆ ಹೊತ್ತು ಗಂಗೆಯ ಹತ್ತಿರ ಹೋಗಿ ಕಿಡಿ ಹಚ್ಚುತ್ತಾಳೆ, ಕೊನೆಗೆ ತಾನೇ ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಬಾಕಿ ವಸೂಲಿಗೆ ಇಷ್ಟು ಪಟ್ಟು ಹಿಡಿದ ಪಾತ್ರವನ್ನು ಗ್ರೀಕರೂ ಮಾಡಿಲ್ಲ! ಸಿನಿಮಾದಲ್ಲಿ ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಗಳವಾಡುವ ಭಾಗ ನಿನಗೂ ಗೊತ್ತು, ನಿಮ್ಮ ಕಾಲೇಜಿನ ಕಾರ್ಯಕ್ರಮದಲ್ಲೂ ಯಾರೋ ಹಾಡಿದ್ದರಲ್ಲ. ಆ ಹಾಡನ್ನು ಇನ್ನೊಮ್ಮೆ ಕೇಳು. ದ್ರೌಪದಿಯ ಸೀರೆ ಸೆಳೆಯುವಾಗ ಸುಮ್ಮನೆ ಕೂತದ್ದನ್ನೂ ಸೇರಿಸಿ ಅಪ್ಪನ ಹಳೆಯ ಲೆಕ್ಕವನ್ನು ಮಗ ಒಂದೊಂದಾಗಿ ಓದಿ ಹೇಳುತ್ತಾನೆ. ಹಾಡಿ ಮುಗಿಯುವ ಹೊತ್ತಿಗೆ ಅರ್ಜುನ ಅರ್ಧ ಸತ್ತಿರುತ್ತಾನೆ.

ಆಮೇಲೆ ಅವನು ಬದುಕುತ್ತಾನಲ್ಲ ತಾತ ಅಂತ ನೀನು ಕೇಳುತ್ತೀಯ. ಬದುಕುತ್ತಾನೆ. ಆದರೆ ಸತ್ತ ಮೇಲೆ ಬದುಕುತ್ತಾನೆ. ಮೊದಲು ಪೂರ್ತಿ ಕೊಟ್ಟು, ಆಮೇಲೆ ಪಡೆದುಕೊಂಡ ಜೀವ ಅದು. ಗ್ರೀಕರಲ್ಲಿ ಇದರ ಜೋಡಿ ಕಥೆ ಒಂದಿದೆ: ಮಾಟಗಾತಿ ಸರ್ಸಿಗೆ ಹುಟ್ಟಿದ ಮಗ ಟೆಲಿಗೋನಸ್ ಅಪ್ಪನನ್ನು ಹುಡುಕಿಕೊಂಡು ಬಂದು, ಗುರುತು ಸಿಗದೆ ಒಡಿಸಿಯಸ್‌ನನ್ನು ಕೊಲ್ಲುತ್ತಾನೆ. ಆ ಕಾವ್ಯ ಕಳೆದುಹೋಗಿದೆ, ಸಾರಾಂಶ ಮಾತ್ರ ಉಳಿದಿದೆ. ಊರೂರು ಸುತ್ತಿ ಹೆಣ್ಣುಗಳನ್ನು ಕೂಡಿ ಬಿಟ್ಟುಬಂದ ವೀರನಿಗೆ ಎರಡೂ ದೇಶದವರು ಕೊಟ್ಟ ಶಿಕ್ಷೆ ಒಂದೇ. ಒಡಿಸಿಯಸ್ ಸಿನಿಮಾಗಳು ಮಾತ್ರ ಅವನು ಮನೆ ಸೇರಿದ ಕೂಡಲೇ ದೀಪ ಹಾಕಿಬಿಡುತ್ತವೆ.

‘ಇಫಿಜೀನಿಯಾ’ಗೆ ಬಾ. ಟ್ರಾಯ್‌ಗೆ ಹಡಗುಗಳು ಹೊರಡಲು ಗಾಳಿ ಇಲ್ಲ. ಅಗಮೆಮ್ನಾನ್ ತನ್ನ ಮಗಳು ಇಫಿಜೀನಿಯಾಳನ್ನು ಬಲಿ ಕೊಟ್ಟರೆ ಗಾಳಿ ಬರುತ್ತದೆ ಅಂತ ಪುರೋಹಿತ ಹೇಳಿದ್ದಾನೆ. ಅಕಿಲೀಸ್ ಜೊತೆ ನಿನ್ನ ಮದುವೆ ಅಂತ ಸುಳ್ಳು ಹೇಳಿ ಕರೆಸುತ್ತಾರೆ. ತಾಯಿ ಕ್ಲೈಟೆಮ್ನೆಸ್ಟ್ರಾ ಮದುವೆ ಸಂಭ್ರಮದಲ್ಲಿ ಮಗಳ ಜೊತೆ ಬರುತ್ತಾಳೆ. ಐರಿನ್ ಪಾಪಾಸ್ ಮಾಡಿದ ಆ ತಾಯಿಯನ್ನು ನೋಡಿದರೆ ಮುಂದೆ ಅವಳು ಗಂಡನಿಗೆ ಏನು ಮಾಡುತ್ತಾಳೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಯೂರಿಪಿಡೀಸ್‌ನ ನಾಟಕ ನಮಗೆ ಸಿಕ್ಕಿರುವ ರೂಪದಲ್ಲಿ, ಕೊನೆಗೊಬ್ಬ ದೂತ ಬಂದು ಕತ್ತಿ ಬೀಳುವ ಗಳಿಗೆಯಲ್ಲಿ ಹುಡುಗಿ ಮಾಯವಾಗಿ ಅವಳ ಜಾಗದಲ್ಲಿ ಜಿಂಕೆ ಬಿದ್ದಿತ್ತು ಅನ್ನುತ್ತಾನೆ. ಆ ಭಾಗ ಬೇರೆಯವರು ಆಮೇಲೆ ಸೇರಿಸಿದ್ದು ಅಂತ ಅನೇಕ ಪಂಡಿತರ ಅನುಮಾನ. ಕಾಕೊಯಾನಿಸ್ ಜಿಂಕೆಯನ್ನು ತೋರಿಸುವುದೇ ಇಲ್ಲ. ಗಾಳಿ ಏಳುತ್ತದೆ, ಅಗಮೆಮ್ನಾನ್‌ನ ಮುಖ ತೋರಿಸುತ್ತಾನೆ, ಅಷ್ಟೇ. ಇಲ್ಲೂ ದೇವರಿಲ್ಲ, ‘ಟ್ರಾಯ್’ನಲ್ಲೂ ದೇವರಿಲ್ಲ. ಇಲ್ಲಿ ಮಾತ್ರ ದೇವರನ್ನು ತೆಗೆದ ಮೇಲೆ ಸಾಲದ ಭಾರ ಇಡಿಯಾಗಿ ಮನುಷ್ಯರ ಹೆಗಲಿಗೆ ಬಂತು.

ನಿನ್ನ ಸ್ಕ್ರಿಪ್ಟಿನಲ್ಲಿ ಮಾಡಿದ ಹಾಗೆ ಹೊರಗಿನ ಕಥೆಗೆ ನಮ್ಮ ಊರಿನ ಬಟ್ಟೆ ತೊಡಿಸುವವರಲ್ಲಿ ನೀನು ಮೊದಲಿಗಳಲ್ಲ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್‌ನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದರು. ಅವಮಾನದಿಂದ ಹುಚ್ಚೆದ್ದು ದನಗಳನ್ನು ಕಡಿದ ಗ್ರೀಕ್ ವೀರನಿಗೆ ಅವರು ಸರಿಯಾದ ಜೋಡಿ ಹುಡುಕಿದರು, ರಾತ್ರಿ ಮಲಗಿದ್ದವರನ್ನು ಕಡಿದ ನಮ್ಮ ಅಶ್ವತ್ಥಾಮ. ಅವನು ಚಿರಂಜೀವಿ, ಸಾಯುವಂತಿಲ್ಲ ಅಂತ ಮನೆಮನೆಗೆ ಗೊತ್ತಿದ್ದರೂ ಶ್ರೀಯವರು ಅವನನ್ನು ಸಾಯಿಸಿದರು. ಆಕ್ಷೇಪ ಬಂತು, ಬರಲೇಬೇಕಿತ್ತು. 1972ರಲ್ಲಿ ಬಿ.ವಿ. ಕಾರಂತರು ಲಂಕೇಶರ ‘ಈಡಿಪಸ್’ ಅನ್ನು ಬೆಂಗಳೂರಿನಲ್ಲಿ ಬಯಲಲ್ಲಿ ಆಡಿಸಿದಾಗ ನಾನು ನೋಡುವವರ ನಡುವೆ ಇದ್ದೆ. ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದವರು ನಾವು, ಅಪೊಲೋ ಯಾರು ಅಂತ ನಮಗೆ ತಿಳಿದಿರಲಿಲ್ಲ. ಯಾರೂ ಕೇಳಲೂ ಇಲ್ಲ. ಪಾಪ ಮಾಡಿದವನನ್ನು ಹಿಡಿದು ತನ್ನಿ ಅಂತ ಗರ್ಜಿಸುತ್ತಿರುವ ದೊರೆಯೇ ಆ ಪಾಪಿ, ಅದಷ್ಟು ತಿಳಿದರೆ ಸಾಕಿತ್ತು.

ಆನೇಕಲ್, ಕನಕಪುರ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವುದು ನಿನಗೆ ಗೊತ್ತಿರಲಿ. ಅಲ್ಲಿ ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ಸಾಯುವ ದುರ್ಯೋಧನನಿಗೆ ಜನ ಹೆಚ್ಚು ದುಡ್ಡು ಕೊಟ್ಟು ನಿಲ್ಲುತ್ತಾರೆ, ಯಾಕೆಂದರೆ ಅವನು ಕೊನೆಯವರೆಗೆ ನಿಂತು ತನ್ನ ಬಾಕಿ ತಾನೇ ಕೊಟ್ಟು ಹೋಗುತ್ತಾನೆ. ರನ್ನ ಭೀಮನನ್ನು ಹೊಗಳಲು ಬರೆದ ಗದಾಯುದ್ಧದಲ್ಲೂ ಓದುವವರ ಮನಸ್ಸು ವಾಲುವುದು ತೊಡೆ ಮುರಿದುಕೊಂಡವನ ಕಡೆಗೇ. 2019ರ ‘ಕುರುಕ್ಷೇತ್ರ’ ಸಿನಿಮಾ ದರ್ಶನ್ ಅವರನ್ನು ದುರ್ಯೋಧನ ಮಾಡಿದ್ದು ಈ ದಾರಿ ಹಿಡಿದೇ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜೀಯಸ್‌ನ ದೇವಸ್ಥಾನ ಇವತ್ತು ಟಿಕೆಟ್ ಕೊಟ್ಟು ನೋಡುವ ಪಾಳು. ಅವನನ್ನು ಕೋಡಂಗಿ ಮಾಡಿದರೂ ಹರಕೆ ಹೊತ್ತವರ ಮನಸ್ಸು ಮುರಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. 2022ರ ‘ಕಾಂತಾರ’ದಲ್ಲಿ ಬರುವ ಪಂಜುರ್ಲಿ ದೈವಕ್ಕೆ ಕರಾವಳಿಯಲ್ಲಿ ಇವತ್ತೂ ಕೋಲ ನಡೆಯುತ್ತದೆ. ಚಿತ್ರದ ಬೆನ್ನುಮೂಳೆಯೂ ಒಂದು ಬಾಕಿಯೇ: ಅರಸ ಜನರಿಗೆ ಬಿಟ್ಟುಕೊಟ್ಟ ಕಾಡಿನ ಭೂಮಿಯನ್ನು ಅವನ ವಂಶದವನು ವಾಪಸ್ ಕೇಳಿದ, ದೈವ ಸುಮ್ಮನಿರಲಿಲ್ಲ. ಅದಕ್ಕೇ ಕೋಲ ನೋಡದವರಿಗೂ ಆ ಚಿತ್ರ ತಾಗಿತು. ಆದರೆ ಥಿಯೇಟರಿನಲ್ಲಿ ಹುಡುಗರು ದೈವದ ಕೂಗು ಅನುಕರಿಸಲು ಶುರುಮಾಡಿ, ಚಿತ್ರದವರೇ ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುವಂತಾಯಿತು. ಹೊರದೇಶದಲ್ಲೂ ಇಂಥದ್ದು ಆಗಿದೆ. 1959ರ ‘ಬ್ಲ್ಯಾಕ್ ಆರ್ಫಿಯಸ್’ ಆರ್ಫಿಯಸ್‌ನನ್ನು ರಿಯೋ ನಗರದ ಟ್ರಾಮ್ ನೌಕರ ಮಾಡಿತು. ಪಾತಾಳಕ್ಕೆ ಇಳಿಯುವ ಬದಲು ಅವನು ಅಲ್ಲಿನ ಜನ ನಿಜವಾಗಿ ಮೈದುಂಬುವ ಆರಾಧನೆಯೊಂದಕ್ಕೆ ಹೋಗುತ್ತಾನೆ, ಸತ್ತ ಪ್ರೇಯಸಿಯ ದನಿ ಒಬ್ಬ ಮುದುಕಿಯ ಬಾಯಿಂದ ಬರುತ್ತದೆ. ತಿರುಗಿ ನೋಡಬೇಡ ಅಂದರೂ ತಿರುಗಿ ನೋಡುತ್ತಾನೆ. ಚಿತ್ರಕ್ಕೆ ಕಾನ್‌ನಲ್ಲಿ ದೊಡ್ಡ ಪ್ರಶಸ್ತಿ ಸಿಕ್ಕಿತು. ಬ್ರೆಜಿಲಿನವರು ಅನೇಕರು ಮಾತ್ರ, ನಮ್ಮ ಬಡತನವನ್ನು ಚಿತ್ರಪಟ ಮಾಡಿದರು ಅಂತ ಬೇಸರಪಟ್ಟುಕೊಂಡರು. ಎರಡೂ ನಿಜ ಇರಬಹುದು.

ಇನ್ನು ನಿನ್ನ ಸ್ಕ್ರಿಪ್ಟ್. ಇಫಿಜೀನಿಯಾಳನ್ನು ಗೊಟ್ಟಿಗೆರೆಗೆ ತಂದದ್ದು ನನಗೆ ಹಿಡಿಸಿತು. ಹಡಗಿಗೆ ಗಾಳಿ ಇಲ್ಲದ್ದರ ಬದಲು ಲೇಔಟಿನ ಫೈಲು ಮುಂದೆ ಹೋಗದಿರುವುದು ಸರಿಯಾಗಿದೆ. ಹೆಣ್ಣು ನೋಡಲು ಬರುತ್ತಾರೆ ಅಂತ ಸುಳ್ಳು ಹೇಳಿ ಹುಡುಗಿಯನ್ನು ಹಾಸ್ಟೆಲ್‌ನಿಂದ ಕರೆಸಿ, ರಾಜಕಾಲುವೆ ಒತ್ತಿ ಮಾಡಿದ ಸೈಟುಗಳಿಗೆ ಅವಳ ಹೆಸರಲ್ಲಿ ಸಹಿ ಹಾಕಿಸಿ, ಕೇಸು ಬಂದಾಗ ಅವಳನ್ನೇ ಮುಂದೆ ನಿಲ್ಲಿಸುವ ಅಪ್ಪ, ಬನ್ನೇರುಘಟ್ಟ ರಸ್ತೆಯಲ್ಲಿ ಅಂಥ ಅಗಮೆಮ್ನಾನ್ ಇಲ್ಲ ಅನ್ನಲು ನನಗೆ ಧೈರ್ಯವಿಲ್ಲ. ಮೆಟ್ರೋ ಕಂಬಗಳು, ನೈಸ್ ರಸ್ತೆ ಜಂಕ್ಷನ್ ಎಲ್ಲ ತೋರಿಸು, ಆದರೆ ಪೋಸ್ಟ್‌ಕಾರ್ಡಿನ ಹಾಗೆ ತೋರಿಸಬೇಡ. ಜಾಗ ಬಂದಲ್ಲೆಲ್ಲ ಅದಕ್ಕೊಂದು ಕೆಲಸ ಇರಲಿ. ತಾಯಿಗೆ ಕಾರು ಯಾಕೆ ಕೊಟ್ಟೆ? ಅವಳು 365ರ ಬಸ್ಸಿನಲ್ಲಿ ಬರಲಿ, ಮದುವೆ ಸೀರೆಯ ಕವರು ತೊಡೆಯ ಮೇಲೆ ಇಟ್ಟುಕೊಂಡು, ಜಾಮಿನಲ್ಲಿ ಒಂದು ಗಂಟೆ ಕಾಯಲಿ.

ಕೊನೆಯ ಸೀನಿನಲ್ಲಿ ಎಲ್ಲಿಂದಲೋ ಒಬ್ಬ ಲಾಯರ್ ಬಂದು ಹುಡುಗಿಯನ್ನು ಬಿಡಿಸಿಬಿಡುತ್ತಾನಲ್ಲ, ಅವನೇ ನಿನ್ನ ಜಿಂಕೆ. ಯೋರ್ಗೋಸ್ ಲ್ಯಾಂತಿಮೋಸ್ 2017ರಲ್ಲಿ ಇದೇ ಕಥೆಯ ಎಳೆ ಹಿಡಿದು ‘ದಿ ಕಿಲ್ಲಿಂಗ್ ಆಫ್ ಎ ಸೇಕ್ರೆಡ್ ಡಿಯರ್’ ಮಾಡಿದ. ಅಮೆರಿಕದ ಒಬ್ಬ ಸರ್ಜನ್, ಅವನ ಕೈಯಲ್ಲಿ ಸತ್ತ ರೋಗಿ, ಆ ರೋಗಿಯ ಮಗ. ನಿನ್ನ ಮನೆಯವರಲ್ಲಿ ಒಬ್ಬರನ್ನು ನೀನೇ ಕೊಲ್ಲಬೇಕು, ಇಲ್ಲದಿದ್ದರೆ ಎಲ್ಲರೂ ಸಾಯುತ್ತಾರೆ ಅಂತ ಆ ಹುಡುಗ ತಣ್ಣಗೆ ಹೇಳುತ್ತಾನೆ. ಶಾಪ ಹೇಗೆ ಕೆಲಸ ಮಾಡುತ್ತದೆ ಅಂತ ಚಿತ್ರ ವಿವರಿಸುವುದಿಲ್ಲ, ಆಸ್ಪತ್ರೆಯವರು ಪರೀಕ್ಷೆ ಮಾಡಿ ಮಾಡಿ ಸೋಲುತ್ತಾರೆ. ಹೆಸರಿನಲ್ಲೇ ಜಿಂಕೆ ಇಟ್ಟುಕೊಂಡು, ಕಥೆಯಲ್ಲಿ ಯಾವ ಜಿಂಕೆಯನ್ನೂ ಕಳಿಸುವುದಿಲ್ಲ ಪುಣ್ಯಾತ್ಮ.

ಹುಡುಗಿಯನ್ನು ಜೈಲಿಗೆ ಕಳಿಸಲು ನಿನಗೆ ಮನಸ್ಸು ಬರದಿದ್ದರೆ ಲಾಯರ್ ಇರಲಿ. ಆಗ ಯೂರಿಪಿಡೀಸ್‌ನ ನಾಟಕದ ಕೊನೆ ತೆಗೆದು ತಾಯಿಯ ಮಾತು ಓದು. ಮಗಳು ದೇವತೆಗಳ ಹತ್ತಿರ ಹೋದಳು ಅಂತ ಎಲ್ಲರೂ ಹೇಳುವಾಗ, ನನ್ನ ದುಃಖ ನಿಲ್ಲಿಸಲು ಕಟ್ಟಿದ ಕಥೆ ಇದಲ್ಲ ಅಂತ ನಾನು ಹೇಗೆ ನಂಬಲಿ ಅನ್ನುತ್ತಾಳೆ ಅವಳು. ನಿನ್ನ ತಾಯಿಯೂ ನಂಬದಿರಲಿ. ಲಾಯರ್ ಬಂದು ಎಲ್ಲ ಸರಿಹೋಯಿತು ಅಂದಾಗ ಅವಳು ಅವನ ಮುಖ ನೋಡದೆ ಗಂಡನ ಫೈಲಿನಲ್ಲಿ ಮಗಳ ಸಹಿ ಇನ್ನೂ ಎಷ್ಟು ಕಾಗದದ ಮೇಲಿದೆ ಅಂತ ಒಂದೊಂದೇ ಹಾಳೆ ತಿರುಗಿಸಿ ನೋಡಲಿ. ಗಂಡ ‘ಊಟಕ್ಕೆ ಬಡಿಸೇ’ ಅನ್ನಲಿ. ಸಂಗೀತ ಹಾಕಬೇಡ, ಪಕ್ಕದ ರಸ್ತೆಯ ಹಾರ್ನ್ ಸದ್ದು ಹಾಗೇ ಬಿಡು. ಆ ಸೀನನ್ನು ಮೊದಲು ಬರೆದು ತಾ, ಉಳಿದದ್ದನ್ನು ಅದಕ್ಕೆ ತಕ್ಕ ಹಾಗೆ ಹಿಂದಿನಿಂದ ತಿದ್ದಿಕೊಂಡು ಹೋಗೋಣ.